ಮೇಲಿನ ಮಹಡಿಯ ಹೀಟಿಂಗ್ ಝೋನ್ ತಣ್ಣಗೆ, ಕೆಳಗೆ ಮಾತ್ರ ಬಿಸಿ. ಎಲ್ಲಿಂದ ನೋಡಬೇಕು?

ಶಿರಸಿಯವಳು (ವುಸ್ಟರ್, ಮ್ಯಾಸಚೂಸೆಟ್ಸ್)

ಎಲ್ಲರಿಗೂ ನಮಸ್ಕಾರ. ಹೋದ ಬೇಸಿಗೆಯಲ್ಲಿ ನಾವು ಇಲ್ಲೊಂದು ಹಳೇ ಮನೆ ಕೊಂಡೆವು. ಎರಡು ಮಹಡಿ, ಕೆಳಗೆ ಬೇಸ್‌ಮೆಂಟ್. ಹೀಟಿಂಗ್ ಬಿಸಿನೀರಿನದು. ಬೇಸ್‌ಮೆಂಟ್‌ನಲ್ಲಿ ಗ್ಯಾಸ್ ಬಾಯ್ಲರ್, ಅಲ್ಲಿಂದ ತಾಮ್ರದ ಪೈಪು, ಗೋಡೆಯ ಬುಡದುದ್ದಕ್ಕೂ ಕೋಣೆಗೆ ಬಿಸಿ ಬಿಡುವ ಬೇಸ್‌ಬೋರ್ಡ್. ಕೆಳಗಿನ ಮಹಡಿಗೆ ಒಂದು ಝೋನ್ (ಬೇರೆಯಾಗಿಯೇ ಬಿಸಿ ಮಾಡಿಕೊಳ್ಳಬಹುದಾದ ಭಾಗ), ಮೇಲಿನ ಮಲಗುವ ಕೋಣೆಗಳಿಗೆ ಇನ್ನೊಂದು. ಎರಡಕ್ಕೂ ಬೇರೆ ಬೇರೆ ಥರ್ಮೋಸ್ಟಾಟ್.

ಮೇಲಿನ ಝೋನ್ ಬಿಸಿಯಾಗುತ್ತಿಲ್ಲ. 68ಕ್ಕೆ ಇಟ್ಟು ಮಲಗಿದರೆ ಬೆಳಗ್ಗೆ 57 ತೋರಿಸುತ್ತದೆ. ಸೆಲ್ಸಿಯಸ್ ಲೆಕ್ಕದಲ್ಲಿ 20 ಇರಬೇಕಾದ ಕಡೆ 14. ಬೇಸ್‌ಬೋರ್ಡ್ ಮುಟ್ಟಿದರೆ ಕೈ ಕೊರೆಯುತ್ತದೆ. ಊರಿಂದ ಅತ್ತೆ ಬಂದಿದ್ದಾರೆ, ಅವರ ಕೋಣೆಯೂ ಮೇಲೆಯೇ. ಸ್ವೆಟರ್ ಹಾಕಿ, ಎರಡು ಕಂಬಳಿ ಹೊದ್ದು, ತಲೆಗೆ ಉಲ್ಲನ್ ಟೋಪಿ ಏರಿಸಿಕೊಂಡು ಮಲಗುತ್ತಾರೆ. ಬಾಯಿಬಿಟ್ಟು ಏನೂ ಹೇಳುವುದಿಲ್ಲ. ಅದೇ ಕಷ್ಟ.

ಥರ್ಮೋಸ್ಟಾಟ್‌ಗೆ ಹೊಸ ಬ್ಯಾಟರಿ ಹಾಕಿಯಾಯಿತು. ಏರಿಸಿದಾಗ ಟಿಕ್ ಎಂದು ಸದ್ದು ಬರುತ್ತದೆ. ಪ್ಲಂಬರ್‌ಗೆ ಫೋನ್ ಮಾಡಿದರೆ ಬುಧವಾರಕ್ಕೆ ಮೊದಲು ಆಗುವುದಿಲ್ಲ ಎಂದರು. ಈ ಚಳಿಯಲ್ಲಿ ಎಲ್ಲರ ಮನೆಯಲ್ಲೂ ಒಂದೊಂದು ರಗಳೆ ಇರುತ್ತದೆ, ಅಲ್ವಾ? ಅಷ್ಟರೊಳಗೆ ನಾವೇ ನೋಡಬಹುದಾದದ್ದು ಏನಾದರೂ ಇದೆಯಾ?

ಚಾಮುಂಡಿಪುರಂ (ಮೈಸೂರು)

ತಾಯಿ, ಇದು ಏರ್ ಲಾಕ್. ಕಣ್ಣು ಮುಚ್ಚಿ ಹೇಳುತ್ತೇನೆ. ನಮ್ಮ ಕಡೆ ಸೋಲಾರ್ ವಾಟರ್ ಹೀಟರ್‌ನಲ್ಲಿ ದಿನಾ ನೋಡುತ್ತೇವೆ. ಒಂದು ಬಾತ್‌ರೂಮಿಗೆ ಬಿಸಿನೀರು ಚೆನ್ನಾಗಿ ಬರುತ್ತದೆ, ಇನ್ನೊಂದಕ್ಕೆ ತೊಟ್ಟೂ ಇಲ್ಲ. ಪೈಪು ಎಲ್ಲೋ ಏರಿ ಇಳಿದಿರುತ್ತದೆ, ಆ ಏರಿನಲ್ಲಿ ಗಾಳಿ ಕೂತಿರುತ್ತದೆ. ಅದಕ್ಕೇ ಟ್ಯಾಂಕ್ ಪಕ್ಕ ಒಂದು ವೆಂಟ್ ಪೈಪ್ ನಿಲ್ಲಿಸುವುದು. ನಿಮ್ಮ ಮನೆಯಲ್ಲೂ ಮೇಲಿನ ಮಹಡಿ ತಾನೇ ತಣ್ಣಗಿರುವುದು? ಗಾಳಿ ಯಾವಾಗಲೂ ಮೇಲಕ್ಕೇ ಹೋಗುವುದು.

ಕುಂದಾಪ್ರ ಕೋಡರ್ (ಸಿಯಾಟಲ್)

ಥರ್ಮೋಸ್ಟಾಟ್ ಬದಲಾಯಿಸಿಬಿಡಿ. ಹಳೇ ಮನೆಗಳಲ್ಲಿ ಅದೇ ಮೊದಲು ಕೈಕೊಡುವುದು. ಒಂದು ಸ್ಮಾರ್ಟ್ ಥರ್ಮೋಸ್ಟಾಟ್ ಹಾಕಿ, ಫೋನ್‌ನಲ್ಲೇ ಎಲ್ಲಾ ಕಾಣಿಸುತ್ತದೆ.

ನೆಲಮಾಳಿಗೆ (ಎಡಿಸನ್, ನ್ಯೂಜೆರ್ಸಿ)

ಸ್ವಲ್ಪ ನಿಲ್ಲಿ, ಈಗಲೇ ಏನನ್ನೂ ಬದಲಾಯಿಸಬೇಡಿ. ನಾನು ಇಲ್ಲಿ ಅಪಾರ್ಟ್‌ಮೆಂಟ್‌ಗಳ ಬಾಯ್ಲರ್ ರೂಮುಗಳಲ್ಲೇ ಹೊಟ್ಟೆ ಹೊರೆಯುವವನು. ಊರು ದಾವಣಗೆರೆ.

ಕುಂದಾಪ್ರದವರೇ, ಬಿಸಿನೀರಿನ ಝೋನಿಗೆ ಸ್ಮಾರ್ಟ್ ಥರ್ಮೋಸ್ಟಾಟ್ ಹಾಕುವಾಗ ಅದಕ್ಕೆ ಸದಾ ಕರೆಂಟ್ ಸಿಗಲು ಬೇಕಾದ ಸಿ ತಂತಿ ಇದೆಯಾ ಎಂದು ನೋಡಲೇಬೇಕು. ಹಳೇ ಮನೆಗಳಲ್ಲಿ ಬರೀ ಎರಡು ತಂತಿ ಇರುತ್ತವೆ, ಕರೆಂಟ್ ತರುವ ಆರ್ ಮತ್ತು ಬಿಸಿ ಕೇಳುವ ಡಬ್ಲ್ಯೂ. ಸಿ ಇಲ್ಲದಿದ್ದರೆ ಕೆಲವು ಮಾದರಿಗಳು ಅದೇ ಎರಡು ತಂತಿಯಿಂದ ಕರೆಂಟ್ ಕದ್ದು ಬದುಕುತ್ತವೆ. ಆಗ ಝೋನಿಗೆ ನೀರು ಬಿಡುವ ಝೋನ್ ವಾಲ್ವ್ ಅರ್ಧಂಬರ್ಧ ತೆರೆದು ಕಟಕಟ ಎನ್ನಲು ಶುರು. ಇರುವ ತೊಂದರೆಯ ಮೇಲೆ ಇನ್ನೊಂದು ತಂದುಕೊಂಡ ಹಾಗೆ.

ಶಿರಸಿಯ ಮೇಡಂ, ಬಿಸಿ ಎಲ್ಲಿಯವರೆಗೆ ಬರುತ್ತದೆ, ಎಲ್ಲಿ ನಿಲ್ಲುತ್ತದೆ, ಅದನ್ನು ಮೊದಲು ಹುಡುಕಿ. ಬಾಯ್ಲರ್‌ನಿಂದ ಶುರು ಮಾಡಿ ಪೈಪು ಹಿಡಿದುಕೊಂಡು ಹೋಗಿ. ಆದರೆ ಗಟ್ಟಿಯಾಗಿ ಹಿಡಿಯಬೇಡಿ. ಬಾಯ್ಲರ್ ಪೂರ್ತಿ ಕಾದಾಗ ನೀರು 180 ಡಿಗ್ರಿ ಫ್ಯಾರನ್‌ಹೀಟ್, ಅಂದರೆ 82 ಸೆಲ್ಸಿಯಸ್ ಇರುತ್ತದೆ. ತಾಮ್ರವೂ ಅಷ್ಟೇ ಬಿಸಿ. ಕೈಯ ಹಿಂಬದಿಯಿಂದ ಸುಮ್ನೆ ತಾಗಿಸಿ ನೋಡಿ.

ಬೇಸ್‌ಮೆಂಟ್‌ನಲ್ಲಿ ಬಾಯ್ಲರ್‌ನಿಂದ ಹೊರಟ ದಪ್ಪ ಪೈಪು ಎರಡಾಗಿ ಕವಲೊಡೆಯುತ್ತದೆ. ಪ್ರತಿ ಕವಲಿನಲ್ಲೂ ಒಂದೋ ಸಣ್ಣ ಪೆಟ್ಟಿಗೆ ಕೂತ ವಾಲ್ವ್ ಇರುತ್ತದೆ, ಇಲ್ಲವೇ ಒಂದೊಂದು ಪಂಪ್ ಇರುತ್ತದೆ. ನಿಮ್ಮದರಲ್ಲಿ ಯಾವುದು? ಒಂದೇ ಪಂಪ್, ಎರಡು ವಾಲ್ವ್ ಆಗಿದ್ದರೆ ಪಂಪನ್ನು ಈಗಲೇ ಲೆಕ್ಕದಿಂದ ಬಿಡಬಹುದು. ಕೆಳಗಿನ ಝೋನ್ ಬಿಸಿಯಾಗುತ್ತಿದೆ ಎಂದರೆ ಪಂಪ್ ತಿರುಗುತ್ತಿದೆ. ಝೋನಿಗೊಂದು ಪಂಪ್ ಇದ್ದರೆ ಕಥೆಯೇ ಬೇರೆ.

ವಾಲ್ವ್ ಇದ್ದರೆ ಅದರ ಹಿಂದಿನ ಪೈಪು, ಮುಂದಿನ ಪೈಪು ಎರಡನ್ನೂ ಮುಟ್ಟಿ ನೋಡಿ. ಹಿಂದೆ ಬಿಸಿ, ಮುಂದೆ ತಣ್ಣಗೆ ಇದ್ದರೆ ವಾಲ್ವ್ ತೆರೆದಿಲ್ಲ. ಎರಡೂ ಬಿಸಿ, ಆದರೆ ಮಹಡಿಯಿಂದ ವಾಪಸ್ ಬರುವ ಪೈಪು ತಣ್ಣಗೆ ಇದ್ದರೆ ಗಾಳಿ, ಇಲ್ಲವೇ ಪೈಪಿನಲ್ಲಿ ಹೆಪ್ಪುಗಟ್ಟಿದ ನೀರು, ಇಲ್ಲವೇ ಯಾರೋ ಮುಚ್ಚಿಟ್ಟ ಕೈ ವಾಲ್ವ್. ಅದನ್ನೂ ಒಮ್ಮೆ ಗಮನಿಸಿ. ಹಿಡಿ ಪೈಪಿನ ಉದ್ದಕ್ಕೆ ಇದ್ದರೆ ತೆರೆದಿದೆ, ಅಡ್ಡಕ್ಕಿದ್ದರೆ ಮುಚ್ಚಿದೆ. ಬೇಸಿಗೆಯಲ್ಲಿ ರಿಪೇರಿಗೆ ಬಂದವರು ಮುಚ್ಚಿ, ಹಾಗೇ ಹೊರಟುಹೋಗಿರುವುದನ್ನು ಬೇಕಾದಷ್ಟು ಕಂಡಿದ್ದೇನೆ.

ಬಾಯ್ಲರ್ ಮೇಲಿನ ಗೇಜ್‌ನಲ್ಲಿ ಪ್ರೆಶರ್ ಎಷ್ಟಿದೆ ಎಂದೂ ಬರೆಯಿರಿ. ಎರಡು ಮಹಡಿಯ ಮನೆಗೆ ತಣ್ಣಗಿದ್ದಾಗ 12 ಪಿಎಸ್‌ಐ ಸುತ್ತಮುತ್ತ ಇರಬೇಕು. ಒಂದು ಪಿಎಸ್‌ಐ ನೀರನ್ನು 2.31 ಅಡಿ ಎತ್ತುತ್ತದೆ. ಹನ್ನೆರಡಕ್ಕೆ ಸುಮಾರು 28 ಅಡಿ ಆಯಿತು. ಗೇಜ್ 5ಕ್ಕೋ 6ಕ್ಕೋ ಇಳಿದಿದ್ದರೆ ಮೇಲಿನ ಮಹಡಿಗೆ ನೀರೇ ಏರುವುದಿಲ್ಲ, ಉಳಿದ ಮಾತೆಲ್ಲಾ ದಂಡ.

ಶಿರಸಿಯವಳು

ಸರ್, ಇಷ್ಟು ವಿವರವಾಗಿ ಹೇಳಿದ್ದಕ್ಕೆ ತುಂಬಾ ಥ್ಯಾಂಕ್ಸ್. ಈಗ ಮಧ್ಯಾಹ್ನ ಬೇಸ್‌ಮೆಂಟಿಗೆ ಹೋಗಿ ಬಂದೆ. ಒಂದೇ ಪಂಪ್, ಎರಡು ವಾಲ್ವ್. ವಾಲ್ವ್ ಮೇಲೆ ಬೆಳ್ಳಿ ಬಣ್ಣದ ಸಣ್ಣ ಪೆಟ್ಟಿಗೆ, ಅದರ ತಲೆಯ ಕಡೆ ಒಂದು ಲಿವರ್ ಇದೆ. ಕೈ ವಾಲ್ವ್‌ಗಳೆಲ್ಲಾ ಪೈಪಿನ ಉದ್ದಕ್ಕೇ ಇವೆ. ಗೇಜ್ 15 ತೋರಿಸುತ್ತಿದೆ.

ಆದರೆ ವಿಚಿತ್ರ ನೋಡಿ. ಮೇಲಿನ ಝೋನಿನ ವಾಲ್ವ್‌ನ ಎರಡೂ ಕಡೆ ಬಿಸಿ! ವಾಪಸ್ ಬರುವ ಪೈಪೂ ಬಿಸಿ. ಮೇಲೆ ಹೋಗಿ ನೋಡಿದರೆ ಬೇಸ್‌ಬೋರ್ಡ್ ಕಾದಿದೆ, ಕೋಣೆ 66 ಆಗಿದೆ. ಬೆಳಗ್ಗೆ ನಡುಗುತ್ತಾ ಎದ್ದಿದ್ದೆವು. ನಮ್ಮ ಯಜಮಾನರು ನನ್ನನ್ನೇ ಅನುಮಾನದಿಂದ ನೋಡುತ್ತಿದ್ದಾರೆ.

ಚಾಮುಂಡಿಪುರಂ

ಗಾಳಿ ತಾನಾಗಿಯೇ ಸರಿದಿರಬೇಕು. ಮತ್ತೆ ಬಂದು ಕೂರುತ್ತದೆ, ನೋಡುತ್ತಿರಿ.

ರೆಡಿಂಗ್ ರಂಗ (ರೆಡಿಂಗ್, ಇಂಗ್ಲೆಂಡ್)

ಗುಳುಗುಳು ಸದ್ದು ಏನಾದರೂ ಇದೆಯಾ ಅಕ್ಕ? ಗಾಳಿ ಇದ್ದರೆ ಪೈಪಿನಲ್ಲಿ ನೀರು ಹರಿಯುವಾಗ ಕೇಳಿಸುತ್ತದೆ. ಇಲ್ಲಿ ನಮ್ಮ ರೇಡಿಯೇಟರ್‌ಗಳಲ್ಲಾದರೆ ಮೇಲ್ಭಾಗ ತಣ್ಣಗೆ, ಕೆಳಭಾಗ ಬಿಸಿ ಇರುತ್ತದೆ. ಸಣ್ಣ ಕೀ ಹಾಕಿ ಉಸ್ ಎಂದು ಬಿಟ್ಟರೆ ಮುಗಿಯಿತು.

ಶಿರಸಿಯವಳು

ಸದ್ದು ಏನೂ ಇಲ್ಲ. ಒಮ್ಮೆಯೂ ಕೇಳಿಲ್ಲ.

ನೆಲಮಾಳಿಗೆ

ಒಂದೇ ಪ್ರಶ್ನೆ ಮೇಡಂ. ರಾತ್ರಿ ಮಲಗುವಾಗ *ಕೆಳಗಿನ* ಮಹಡಿಯ ಥರ್ಮೋಸ್ಟಾಟ್ ಎಷ್ಟಕ್ಕೆ ಇಡುತ್ತೀರಿ?

ಶಿರಸಿಯವಳು

60ಕ್ಕೆ ಇಳಿಸುತ್ತೇವೆ. ರಾತ್ರಿ ಕೆಳಗೆ ಯಾರೂ ಇರುವುದಿಲ್ಲವಲ್ಲ, ಗ್ಯಾಸ್ ಬಿಲ್ ನೋಡಿ ಎದೆ ಧಸಕ್ ಎಂದಿದೆ. ಬೆಳಗ್ಗೆ ಎದ್ದು ಮತ್ತೆ 69ಕ್ಕೆ ಏರಿಸುತ್ತೇವೆ. ಯಾಕೆ?

ನೆಲಮಾಳಿಗೆ

ಸಿಕ್ಕಿತು ಅಂತ ಅನಿಸುತ್ತಿದೆ. ಆದರೆ ಪರೀಕ್ಷೆ ಮಾಡದೆ ಖಾತ್ರಿ ಹೇಳುವುದಿಲ್ಲ.

ಝೋನ್ ವಾಲ್ವ್ ಎರಡು ಕೆಲಸ ಮಾಡುತ್ತದೆ. ಥರ್ಮೋಸ್ಟಾಟ್ ಬಿಸಿ ಕೇಳಿದ ತಕ್ಷಣ ಅದರೊಳಗಿನ ಪುಟ್ಟ ಮೋಟರ್‌ಗೆ 24 ವೋಲ್ಟ್ ಹೋಗುತ್ತದೆ, ಮೋಟರ್ ತಿರುಗಿ ನೀರಿನ ದಾರಿ ತೆರೆಯುತ್ತದೆ. ಇದು ಎಲ್ಲರಿಗೂ ಗೊತ್ತಿರುವ ಕೆಲಸ. ದಾರಿ ಪೂರ್ತಿ ತೆರೆದ ಮೇಲೆ ಪೆಟ್ಟಿಗೆಯೊಳಗೆ ಇನ್ನೊಂದು ಸಣ್ಣ ಸ್ವಿಚ್ ಕೂಡಿಕೊಳ್ಳುತ್ತದೆ. ಅದಕ್ಕೆ ಎಂಡ್ ಸ್ವಿಚ್ ಎನ್ನುತ್ತಾರೆ. ಬಾಯ್ಲರ್‌ಗೆ ‘ಬೆಂಕಿ ಹೊತ್ತಿಸು, ಪಂಪ್ ಓಡಿಸು’ ಎಂದು ಹೇಳುವುದು ಅದೇ. ಬಾಗಿಲು ತೆರೆದು ಜನರನ್ನು ಹತ್ತಿಸಿಕೊಂಡ ಮೇಲೆ ಕಂಡಕ್ಟರ್ ‘ರೈಟ್’ ಅನ್ನದಿದ್ದರೆ ಬಸ್ಸು ನಿಂತಲ್ಲೇ ನಿಂತಿರುತ್ತದೆ, ಹಾಗೆ.

ಎರಡೂ ವಾಲ್ವ್‌ಗಳ ಎಂಡ್ ಸ್ವಿಚ್‌ಗಳು ಬಾಯ್ಲರ್‌ನ ಒಂದೇ ಜೋಡಿ ಟರ್ಮಿನಲ್‌ಗೆ ಹೋಗುತ್ತವೆ. ಯಾವುದೇ ಒಂದು ಕೂಡಿದರೂ ಸಾಕು, ಬಾಯ್ಲರ್ ಹೊತ್ತುತ್ತದೆ. ಹಗಲಿನಲ್ಲಿ ನಿಮ್ಮ ಕೆಳಗಿನ ಝೋನ್ ಬಿಸಿ ಕೇಳುತ್ತದೆ, ಅದರ ಸ್ವಿಚ್ ಕೂಡಿ ಬಾಯ್ಲರ್ ಓಡುತ್ತದೆ. ಅದೇ ಹೊತ್ತಿಗೆ ಮೇಲಿನ ವಾಲ್ವ್ ತೆರೆದಿದ್ದರೆ ಮೇಲಕ್ಕೂ ಪುಕ್ಕಟೆಯಾಗಿ ಬಿಸಿನೀರು ಹೋಗುತ್ತದೆ. ರಾತ್ರಿ ಕೆಳಗಿನದನ್ನು 60ಕ್ಕೆ ಇಳಿಸಿದಾಗ ಅದು ಗಂಟೆಗಟ್ಟಲೆ ಕೇಳುವುದೇ ಇಲ್ಲ. ಆಗ ಮೇಲಿನದು ಒಂಟಿಯಾಗಿ ಕೇಳಬೇಕು. ವಾಲ್ವ್ ತೆರೆಯುತ್ತದೆ, ಎಂಡ್ ಸ್ವಿಚ್ ಕೆಟ್ಟಿದ್ದರೆ ಬಾಯ್ಲರ್‌ಗೆ ಸುದ್ದಿಯೇ ಮುಟ್ಟುವುದಿಲ್ಲ.

ಇವತ್ತು ರಾತ್ರಿ ಹೀಗೆ ಮಾಡಿ. ಕೆಳಗಿನ ಥರ್ಮೋಸ್ಟಾಟ್ ಪೂರ್ತಿ ಇಳಿಸಿ. ಮೇಲಿನದನ್ನು 75ಕ್ಕೆ ಏರಿಸಿ. ಐದು ನಿಮಿಷ ಬಿಟ್ಟು ಬೇಸ್‌ಮೆಂಟಿಗೆ ಹೋಗಿ. ಮೇಲಿನ ಝೋನಿನ ವಾಲ್ವ್‌ನ ಲಿವರ್ ಬೆರಳಿನಿಂದ ಆಡಿಸಿ ನೋಡಿ. ಮೋಟರ್ ತಾನೇ ತೆರೆದಿದ್ದರೆ ಲಿವರ್ ಸಡಿಲವಾಗಿ ಆಡುತ್ತದೆ. ಮುಚ್ಚಿದ್ದರೆ ಸ್ಪ್ರಿಂಗ್ ಎದುರಿಗೆ ತಳ್ಳಿದಂತೆ ಬಿಗಿ ಇರುತ್ತದೆ. ಲಿವರ್ ಸಡಿಲ, ಆದರೆ ಬಾಯ್ಲರ್ ಸದ್ದಿಲ್ಲ ಎಂದಾದರೆ ನನ್ನ ಊಹೆ ಸರಿ. ಲಿವರ್ ಬಿಗಿಯಾಗಿಯೇ ಇದ್ದರೆ ಮೋಟರ್ ಅಥವಾ ಥರ್ಮೋಸ್ಟಾಟ್ ಕಡೆ ನೋಡಬೇಕು.

ಒಂದು ಎಚ್ಚರಿಕೆ. ಲಿವರ್ ಅನ್ನು ಕೈಯಿಂದಲೇ ತಳ್ಳಿ ಕೊಕ್ಕೆಗೆ ಸಿಕ್ಕಿಸಿ ‘ತೆರೆದೆ’ ಎಂದುಕೊಳ್ಳಬೇಡಿ. ಇಂಥ ಮಾದರಿಗಳಲ್ಲಿ ಹಾಗೆ ಮಾಡಿದರೆ ನೀರಿನ ದಾರಿ ತೆರೆಯುತ್ತದೆ, ಎಂಡ್ ಸ್ವಿಚ್ ಕೂಡುವುದಿಲ್ಲ. ಪರೀಕ್ಷೆಯೇ ದಿಕ್ಕು ತಪ್ಪುತ್ತದೆ.

ರೆಡಿಂಗ್ ರಂಗ

ಅರೆ, ಇದು ನಮ್ಮ ಇಂಗ್ಲೆಂಡಿನ ‘ಆರೆಂಜ್ ವೈರ್’ ಕಥೆಯೇ! ಇಲ್ಲಿ ಎಸ್ ಪ್ಲಾನ್ ಎನ್ನುವ ಜೋಡಣೆಯಲ್ಲಿ ಪ್ರತಿ ವಾಲ್ವ್‌ನಿಂದ ಐದು ತಂತಿ ಬರುತ್ತವೆ. ಕಂದು ಮತ್ತು ನೀಲಿ ಮೋಟರ್‌ಗೆ, ಹಸಿರು ಹಳದಿ ಅರ್ತ್. ಬೂದು ತಂತಿಯಲ್ಲಿ ಯಾವಾಗಲೂ ಕರೆಂಟ್. ವಾಲ್ವ್ ತೆರೆದ ಮೇಲೆ ಆ ಕರೆಂಟ್ ಕಿತ್ತಳೆ ತಂತಿಗೆ ದಾಟಿ ಬಾಯ್ಲರ್ ಹೊತ್ತುತ್ತದೆ. ಒಳಗಿನ ಮೈಕ್ರೋ ಸ್ವಿಚ್ ಕೆಟ್ಟರೆ ಕಿತ್ತಳೆ ಸತ್ತಿರುತ್ತದೆ. ಉಲ್ಟಾ ಕೂಡ ಆಗುತ್ತದೆ. ಸ್ವಿಚ್ ಅಂಟಿಕೊಂಡರೆ ಯಾರೂ ಬಿಸಿ ಕೇಳದಿದ್ದರೂ ಬಾಯ್ಲರ್ ಓಡುತ್ತಲೇ ಇರುತ್ತದೆ.

ಆದರೆ ಇಲ್ಲಿ ಓದುತ್ತಿರುವ ಇಂಗ್ಲೆಂಡಿನವರಿಗೆ ಒಂದು ಮಾತು. ಅಮೆರಿಕದವರದ್ದು 24 ವೋಲ್ಟ್. ನಮ್ಮದು ಪೂರ್ತಿ 230. ಅವರು ಮುಟ್ಟಿದರು ಎಂದು ನೀವು ಮುಟ್ಟಲು ಹೋಗಬೇಡಿ. ಬಾಯ್ಲರ್‌ನ ಗ್ಯಾಸ್ ಭಾಗಕ್ಕಂತೂ ಗ್ಯಾಸ್ ಸೇಫ್ ರಿಜಿಸ್ಟರ್‌ನಲ್ಲಿ (ಗ್ಯಾಸ್ ಕೆಲಸಕ್ಕೆ ಅನುಮತಿ ಇದ್ದವರ ಪಟ್ಟಿ) ಇರುವವರೇ ಕೈ ಹಾಕಬೇಕು.

ಚಾಮುಂಡಿಪುರಂ

ನೆಲಮಾಳಿಗೆಯವರೇ, ನೀವು ಹೇಳಿದ್ದು ತರ್ಕಕ್ಕೆ ಸರಿ ಇದೆ. ಆದರೂ ಗಾಳಿ ಕಾರಣವೇ ಅಲ್ಲ ಎಂದು ಪೂರ್ತಿ ಬಿಡುವುದು ಹೇಗೆ? ಹಳೇ ಮನೆ, ಬೇಸಿಗೆಯಲ್ಲಿ ಕೈ ಬದಲಾಗಿದೆ. ನೀರು ಇಳಿಸಿ ತುಂಬಿಸಿರಬಹುದು.

ನೆಲಮಾಳಿಗೆ

ಗಾಳಿಗೆ ಹಗಲು ರಾತ್ರಿ ಗೊತ್ತಾಗುವುದಿಲ್ಲ ಸರ್. ಗಾಳಿ ಕೂತಿದ್ದರೆ ಮಧ್ಯಾಹ್ನ ವಾಪಸ್ ಪೈಪು ಬಿಸಿ ಇರುತ್ತಿರಲಿಲ್ಲ.

ಆದರೆ ಗಾಳಿಯ ತೊಂದರೆ ಇರುವವರೂ ಇದನ್ನು ಓದುತ್ತಿರಬಹುದು, ಅದಕ್ಕೆ ಹೇಳುತ್ತೇನೆ. ಸೋಲಾರ್‌ಗೂ ಇದಕ್ಕೂ ಒಂದು ವ್ಯತ್ಯಾಸ ಇದೆ. ಸೋಲಾರ್‌ನಲ್ಲಿ ಟ್ಯಾಂಕ್ ಮೇಲಿರುತ್ತದೆ, ವೆಂಟ್ ಆಕಾಶಕ್ಕೆ ತೆರೆದಿರುತ್ತದೆ, ಗಾಳಿಗೆ ತಾನೇ ಹೋಗಲು ದಾರಿ ಇರುತ್ತದೆ. ಇದು ಮುಚ್ಚಿದ ವ್ಯವಸ್ಥೆ. ಅದೇ ನೀರು ವರ್ಷಗಟ್ಟಲೆ ಸುತ್ತುತ್ತಿರುತ್ತದೆ. ಗಾಳಿಯನ್ನು ನಾವೇ ಹೊರಗೆ ಹಾಕಬೇಕು. ವಾಪಸ್ ಪೈಪಿನಲ್ಲಿ ಹೋಸ್ ಸಿಕ್ಕಿಸುವ ನಲ್ಲಿ ಇರುತ್ತದೆ. ಬಾಯ್ಲರ್ ಆರಿಸಿ, ತಣ್ಣಗಾಗಲು ಬಿಟ್ಟು, ಆ ನಲ್ಲಿಯ ಮುಂದಿನ ಕೈ ವಾಲ್ವ್ ಮುಚ್ಚಿ, ಉಳಿದ ಝೋನ್‌ಗಳನ್ನೂ ಮುಚ್ಚಿ, ಹೋಸ್‌ನ ತುದಿಯನ್ನು ಬಕೆಟ್ ನೀರಿನೊಳಗೆ ಮುಳುಗಿಸಿ, ಹೊಸ ನೀರು ಜೋರಾಗಿ ಬಿಡಬೇಕು. ಮೊದಲು ಗುಳ್ಳೆ, ಕೊಳಕು ನೀರು, ಆಮೇಲೆ ಗುಳ್ಳೆ ಇಲ್ಲದ ಧಾರೆ. ಅಲ್ಲಿಗೆ ನಿಲ್ಲಿಸುವುದು. ಉದ್ದಕ್ಕೂ ಒಂದು ಕಣ್ಣು ಗೇಜ್ ಮೇಲೆ ಇರಬೇಕು. ಪ್ರೆಶರ್ ಮಿತಿ ಮೀರಿದರೆ ನೀರು ಹೊರಗೆ ಬಿಡುವ ರಿಲೀಫ್ ವಾಲ್ವ್ 30 ಪಿಎಸ್‌ಐಗೆ ಬಿಚ್ಚಿಕೊಳ್ಳುತ್ತದೆ. ಒಮ್ಮೆ ಬಿಚ್ಚಿದ ಹಳೇ ರಿಲೀಫ್ ವಾಲ್ವ್ ಮತ್ತೆ ಸರಿಯಾಗಿ ಕೂರದೆ ತೊಟ್ಟಿಕ್ಕುವುದು ಜಾಸ್ತಿ.

ಗಾಳಿ ತೆಗೆದರೂ ಮತ್ತೆ ಮತ್ತೆ ಬರುತ್ತಿದ್ದರೆ ಎಲ್ಲೋ ಸೋರುತ್ತಿದೆ ಎಂದೇ ಅರ್ಥ. ಸೋರಿದಷ್ಟು ಹೊಸ ನೀರು ಒಳಗೆ ಬರುತ್ತದೆ, ಆ ನೀರಿನ ಜೊತೆ ಗಾಳಿಯೂ ಬರುತ್ತದೆ. ಕಾದು ಹಿಗ್ಗಿದ ನೀರಿಗೆ ಜಾಗ ಕೊಡುವ ಎಕ್ಸ್‌ಪಾನ್ಷನ್ ಟ್ಯಾಂಕಿನ ವಾಲ್ವ್ ಪಿನ್ ಒತ್ತಿ ನೋಡಿ. ಸೈಕಲ್ ಟ್ಯೂಬಿನಲ್ಲಿ ಇರುವಂಥ ಪಿನ್. ಗಾಳಿ ಬಂದರೆ ಸರಿ, ನೀರು ಬಂದರೆ ಒಳಗಿನ ರಬ್ಬರ್ ಹರಿದಿದೆ.

ಶಿರಸಿಯವಳು

ಬೆಳಗಿನ ಜಾವ ಬರೆಯುತ್ತಿದ್ದೇನೆ. ನೀವು ಹೇಳಿದ ಹಾಗೆಯೇ ಮಾಡಿದೆವು. ಕೆಳಗಿನದು ಪೂರ್ತಿ ಇಳಿಸಿ, ಮೇಲಿನದು 75. ಯಜಮಾನರು ಟಾರ್ಚ್ ಹಿಡಿದರು, ನಾನು ಲಿವರ್ ಮುಟ್ಟಿದೆ. ಸಡಿಲ! ಅಲ್ಲಾಡಿಸಿದರೆ ಕಟಕ್ ಕಟಕ್ ಎಂದು ಆಡುತ್ತದೆ. ಪಕ್ಕದ ವಾಲ್ವ್‌ನದು ಬಿಗಿ. ಬಾಯ್ಲರ್ ಮಾತ್ರ ಗಪ್‌ಚುಪ್. ಪಂಪ್ ಮೇಲೆ ಕೈ ಇಟ್ಟರೆ ನಡುಕವೇ ಇಲ್ಲ. ಗೇಜ್‌ನ ಬಿಸಿ ಮುಳ್ಳು 90ರ ಹತ್ತಿರ ಇಳಿದಿತ್ತು. ಆಮೇಲೆ ಅತ್ತೆ ಕೆಳಗೆ ಹೋಗಿ ಕೆಳಗಿನ ಥರ್ಮೋಸ್ಟಾಟ್ ಏರಿಸಿದರು. ಸ್ವಲ್ಪ ಹೊತ್ತಿಗೆ ಬಾಯ್ಲರ್ ಭುಸ್ ಎಂದು ಹೊತ್ತಿತು. ಪಂಪ್ ನಡುಗಲು ಶುರು. ಎರಡೂ ಪೈಪು ಬಿಸಿ ಏರಿದವು.

ಅತ್ತೆ ಕೇಳಿದ್ದು ಒಂದೇ ಮಾತು: ‘ಹಾಗಾದರೆ ಇಷ್ಟು ದಿನ ಕೆಳಗಿನದು ಏರಿಸಿಟ್ಟಿದ್ದರೆ ಸಾಕಿತ್ತಾ?’

ನೆಲಮಾಳಿಗೆ

ಅಮ್ಮ ಕೇಳಿದ್ದು ಸರಿಯಾಗಿಯೇ ಇದೆ. ಪ್ಲಂಬರ್ ಬರುವವರೆಗೆ ಅದೇ ಮಾಡಿ. ರಾತ್ರಿ ಕೆಳಗಿನದನ್ನು 66ಕ್ಕೋ 67ಕ್ಕೋ ಬಿಡಿ. ಅದು ಆಗಾಗ ಕೇಳುತ್ತಿರುತ್ತದೆ, ಆಗೆಲ್ಲಾ ಮೇಲಕ್ಕೂ ಸಿಗುತ್ತದೆ. ಗ್ಯಾಸ್ ಸ್ವಲ್ಪ ಜಾಸ್ತಿ ಹೋಗುತ್ತದೆ, ಹೋಗಲಿ.

ಮಲ್ಟಿಮೀಟರ್ ಹಿಡಿದು ಗೊತ್ತಿದ್ದರೆ ಇನ್ನೊಂದು ಹೆಜ್ಜೆ ನೋಡಬಹುದು. ಪೆಟ್ಟಿಗೆಯಿಂದ ನಾಲ್ಕು ತಂತಿ ಹೊರಟಿದ್ದರೆ ಎರಡು ಮೋಟರ್‌ಗೆ, ಎರಡು ಎಂಡ್ ಸ್ವಿಚ್‌ಗೆ. ಸ್ವಿಚ್‌ನ ಎರಡು ತಂತಿಗಳ ನಡುವೆ ಎಸಿ ವೋಲ್ಟ್ ನೋಡಿ. ವಾಲ್ವ್ ತೆರೆದಾಗಲೂ 24ರ ಸುತ್ತ ತೋರಿಸುತ್ತಿದ್ದರೆ ಸ್ವಿಚ್ ಕೂಡುತ್ತಿಲ್ಲ. ಕೂಡಿದರೆ ಸೊನ್ನೆಗೆ ಬೀಳಬೇಕು. ಯಾವ ತಂತಿ ಯಾವುದು ಎಂದು ಖಾತ್ರಿ ಇಲ್ಲದಿದ್ದರೆ ಬೇಡ. ತಪ್ಪು ಎರಡನ್ನು ಒಂದಕ್ಕೊಂದು ತಾಗಿಸಿದರೆ ಟ್ರಾನ್ಸ್‌ಫಾರ್ಮರ್ ಸುಟ್ಟು, ಎರಡೂ ಝೋನ್ ತಣ್ಣಗಾಗುತ್ತವೆ. ಈ ಚಳಿಯಲ್ಲಿ ಅದು ಬೇಕಾ?

ಮ್ಯಾಸಚೂಸೆಟ್ಸ್‌ನಲ್ಲಿ ಪ್ಲಂಬಿಂಗ್, ಗ್ಯಾಸ್ ಕೆಲಸಕ್ಕೆ ಲೈಸೆನ್ಸ್ ಇದ್ದವರೇ ಬೇಕು, ಸ್ವಂತ ಮನೆಯಾದರೂ ಅಷ್ಟೇ. ಅವರು ಬಂದಾಗ ‘ಮೇಲೆ ಹೀಟ್ ಇಲ್ಲ’ ಎಂದು ಮಾತ್ರ ಹೇಳಬೇಡಿ. ‘ಮೇಲಿನ ಝೋನ್ ಒಂಟಿಯಾಗಿ ಕೇಳಿದಾಗ ವಾಲ್ವ್ ತೆರೆಯುತ್ತದೆ, ಬಾಯ್ಲರ್ ಹೊತ್ತುವುದಿಲ್ಲ’ ಎಂದು ಹೇಳಿ. ಅರ್ಧ ಗಂಟೆಯ ಹುಡುಕಾಟ ಉಳಿಯುತ್ತದೆ. ಅವರು ಅಲ್ಲಿ ಗಂಟೆ ಲೆಕ್ಕದಲ್ಲಿ ಬಿಲ್ ಮಾಡುತ್ತಾರೆ ಎಂಬುದು ನೆನಪಿರಲಿ.

ಲೋವೆಲ್ ಬಾಡಿಗೆದಾರ (ಲೋವೆಲ್, ಮ್ಯಾಸಚೂಸೆಟ್ಸ್)

ನಡುವೆ ಬಾಯಿ ಹಾಕುತ್ತಿದ್ದೇನೆ, ಕ್ಷಮಿಸಿ. ನಾವು ಮೂವರು ಹುಡುಗರು ಬಾಡಿಗೆಗೆ ಇದ್ದೇವೆ. ನಮ್ಮದೂ ಬಿಸಿನೀರಿನ ಹೀಟಿಂಗ್, ಒಂದು ಕೋಣೆ ಸದಾ ತಣ್ಣಗೆ. ಓನರ್ ಒಂದು ಪ್ಲಗ್ ಹೀಟರ್ ಕೊಟ್ಟು ‘ಅಡ್ಜಸ್ಟ್ ಮಾಡಿಕೊಳ್ಳಿ’ ಎಂದಿದ್ದಾರೆ. ನಾವೇ ಬಾಯ್ಲರ್ ಮುಟ್ಟಬಹುದಾ?

ನೆಲಮಾಳಿಗೆ

ಮುಟ್ಟಲೇಬೇಡಿ ತಮ್ಮ. ನಿಮ್ಮದಲ್ಲದ ಬಾಯ್ಲರ್. ನಿಮ್ಮ ರಾಜ್ಯದ ನಿಯಮದಂತೆ ಹೀಟಿಂಗ್ ಕಾಲದಲ್ಲಿ ಬೆಳಗ್ಗೆ 7ರಿಂದ ರಾತ್ರಿ 11ರವರೆಗೆ 68 ಡಿಗ್ರಿ, ಉಳಿದ ಹೊತ್ತು 64 ಡಿಗ್ರಿ ಇರಲೇಬೇಕು. ಪ್ಲಗ್ ಹೀಟರ್ ಅದರ ಲೆಕ್ಕಕ್ಕೆ ಬರುವುದಿಲ್ಲ. ಒಂದು ಥರ್ಮಾಮೀಟರ್ ಇಟ್ಟು, ಗಡಿಯಾರದ ಜೊತೆ ಫೋಟೋ ತೆಗೆದು ಓನರ್‌ಗೆ ಬರಹದಲ್ಲೇ ಕಳಿಸಿ. ಕೇಳದಿದ್ದರೆ ಊರಿನ ಬೋರ್ಡ್ ಆಫ್ ಹೆಲ್ತ್‌ಗೆ ಹೇಳಿ. ಹೆದರಬೇಡಿ.

ಆ ಪ್ಲಗ್ ಹೀಟರ್ ಅನ್ನು ಎಕ್ಸ್‌ಟೆನ್ಷನ್ ಬೋರ್ಡಿಗೆ ಮಾತ್ರ ಹಾಕಬೇಡಿ, ನೇರ ಗೋಡೆಯ ಸಾಕೆಟ್‌ಗೇ ಹಾಕಿ.

ಮಿನ್ನೆಸೋಟ ಮಂಜು (ಮಿನ್ನಿಯಾಪೊಲಿಸ್)

ನನ್ನದು ಬೇರೆ ಥರ. ಗ್ಯಾರೇಜ್ ಮೇಲಿನ ಒಂದು ಕೋಣೆಗೆ ಸ್ವಂತ ಝೋನ್. ವಾರದಿಂದ ಅಲ್ಲಿ ಯಾರೂ ಇರಲಿಲ್ಲ, 50ಕ್ಕೆ ಇಳಿಸಿಟ್ಟಿದ್ದೆವು. ಹೊರಗೆ ಸೊನ್ನೆಗಿಂತ ಎಷ್ಟೋ ಕೆಳಗೆ. ಈಗ ಏರಿಸಿದರೂ ಬಿಸಿ ಇಲ್ಲ. ಲಿವರ್ ಸಡಿಲ, ಬಾಯ್ಲರ್ ಓಡುತ್ತಿದೆ, ಪಂಪ್ ಓಡುತ್ತಿದೆ. ವಾಲ್ವ್ ದಾಟಿ ಒಂದೆರಡು ಅಡಿ ಬಿಸಿ, ಆಮೇಲೆ ಪೂರ್ತಿ ತಣ್ಣಗೆ.

ನೆಲಮಾಳಿಗೆ

ಇದು ಹೆಪ್ಪುಗಟ್ಟಿದೆ ಎಂದೇ ಹಿಡಿಯಿರಿ. ಗ್ಯಾರೇಜ್ ಮೇಲಿನ ಕೋಣೆ, ಹೊರಗೋಡೆ, ವಾರವಿಡೀ ನೀರು ಓಡಿಲ್ಲ. ನೀರು ಹೆಪ್ಪಾದಾಗ ಸುಮಾರು 9% ಹಿಗ್ಗುತ್ತದೆ. ಪೈಪು ಈಗಾಗಲೇ ಒಡೆದಿರಬಹುದು, ಮಂಜುಗಡ್ಡೆಯೇ ಬಿರಡೆಯಾಗಿ ನಿಂತಿರುವುದರಿಂದ ಗೊತ್ತಾಗುತ್ತಿಲ್ಲ. ಕರಗಿದ ಮೇಲೆಯೇ ಸುರಿಯುವುದು.

ಅದಕ್ಕೆ ಮೊದಲು, ಬಾಯ್ಲರ್‌ಗೆ ಹೊಸ ನೀರು ಕೊಡುವ ವಾಲ್ವ್ ಮುಚ್ಚಿ. ಒಡೆದಿದ್ದರೆ ಒಳಗೆ ಇರುವಷ್ಟೇ ನೀರು ಹೋಗುತ್ತದೆ, ಊರ ನೀರೆಲ್ಲಾ ನಿಮ್ಮ ಗ್ಯಾರೇಜಿಗೆ ಬರುವುದಿಲ್ಲ. ಗೇಜ್ ಹತ್ತಿರ ಒಬ್ಬರು ನಿಂತಿರಲಿ. ಮುಳ್ಳು ಇಳಿಯಲು ಶುರುವಾದರೆ ಬಾಯ್ಲರ್ ಆರಿಸಿ, ಆ ಝೋನಿನ ಎರಡೂ ಕಡೆಯ ಕೈ ವಾಲ್ವ್ ಮುಚ್ಚಿ. ಕೋಣೆಯೊಳಗೆ, ಗ್ಯಾರೇಜಿನೊಳಗೆ ಹೀಟರ್ ಇಟ್ಟು ನಿಧಾನಕ್ಕೆ ಬಿಸಿ ಮಾಡಿ. ಬೇಸ್‌ಬೋರ್ಡಿನ ಮುಚ್ಚಳ ತೆಗೆದು ಹೇರ್ ಡ್ರೈಯರ್ ಹಿಡಿಯಬಹುದು. ಬ್ಲೋ ಟಾರ್ಚ್ ಬೇಡವೇ ಬೇಡ. ಗೋಡೆಯೊಳಗಿನ ಮರ ಹೊತ್ತಿಕೊಂಡು ಮನೆ ಕಳೆದುಕೊಂಡವರಿದ್ದಾರೆ.

ಚಾಮುಂಡಿಪುರಂ

ಕಾರಿಗೆ ಹಾಕುವ ಕೂಲಂಟ್ ಇದಕ್ಕೂ ಹಾಕಿದರೆ ಹೆಪ್ಪುಗಟ್ಟುವುದಿಲ್ಲ ಅಲ್ವಾ?

ನೆಲಮಾಳಿಗೆ

ಕಾರಿನದು ಬೇಡ ಸರ್. ಅದು ಸಾಮಾನ್ಯವಾಗಿ ಎಥಿಲೀನ್ ಗ್ಲೈಕಾಲ್, ವಿಷ. ಮನೆಯ ಹೀಟಿಂಗಿಗೆಂದೇ ಪ್ರೊಪಿಲೀನ್ ಗ್ಲೈಕಾಲ್ ಸಿಗುತ್ತದೆ. ಅದನ್ನು ಹಾಕಿದರೆ ನೀರು ಸ್ವಲ್ಪ ದಪ್ಪಗಾಗಿ ಬಿಸಿ ಹೊರುವ ಶಕ್ತಿ ಕಡಿಮೆಯಾಗುತ್ತದೆ, ವರ್ಷ ವರ್ಷ ಪರೀಕ್ಷೆ ಬೇರೆ. ಆ ಕೋಣೆಯನ್ನು 60ರಿಂದ ಕೆಳಗೆ ಇಳಿಸದೆ ಇರುವುದೇ ಸುಲಭ.

ಶಿರಸಿಯವಳು

ಬುಧವಾರದ ಸುದ್ದಿ. ಪ್ಲಂಬರ್ ಬಂದಿದ್ದರು. ನೀವು ಹೇಳಿಕೊಟ್ಟ ವಾಕ್ಯವನ್ನೇ ಹೇಳಿದೆ. ಅವರು ನನ್ನ ಮುಖ ನೋಡಿ, ‘ನೀವು ಈ ಕೆಲಸದವರಾ?’ ಎಂದರು. ಮೀಟರ್ ಹಿಡಿದು ಎರಡೇ ನಿಮಿಷಕ್ಕೆ ಎಂಡ್ ಸ್ವಿಚ್ ಸತ್ತಿದೆ ಎಂದು ತೋರಿಸಿದರು. ನೀರು ಇಳಿಸುವ ಕೆಲಸವೇ ಬರಲಿಲ್ಲ. ಗುಂಡಿ ಒತ್ತಿ ಮೇಲಿನ ಪೆಟ್ಟಿಗೆ ಎತ್ತಿದರು, ಹೊಸದು ಕೂರಿಸಿದರು, ನಾಲ್ಕು ತಂತಿ ಜೋಡಿಸಿದರು. ಹಿತ್ತಾಳೆಯ ಭಾಗ ಹಳೆಯದೇ ಇದೆ. ಹಳೇ ಪೆಟ್ಟಿಗೆ ಬಿಚ್ಚಿ ತೋರಿಸಿ ಎಂದು ನಾನೇ ಕೇಳಿದೆ. ಒಳಗೆ ಉಗುರಿನಷ್ಟು ಸ್ವಿಚ್, ಅದರ ಸಣ್ಣ ನಾಲಿಗೆ ಒಂದು ಕಡೆ ಬಾಗಿತ್ತು, ಪಕ್ಕದಲ್ಲಿ ಕಪ್ಪು ಸುಟ್ಟ ಕಲೆ.

ರಾತ್ರಿ ಕೆಳಗೆ 60, ಮೇಲೆ 68 ಇಟ್ಟು ಮಲಗಿದೆವು. ಬೆಳಗ್ಗೆ ಮೇಲೆ 68. ಆದರೆ ಅತ್ತೆಯ ಕೋಣೆ ಮಾತ್ರ ಇನ್ನೂ ಸ್ವಲ್ಪ ತಣ್ಣಗಿದೆ. ಝೋನಿನ ಕೊನೆಯ ಕೋಣೆ ಅದು. ಅಲ್ಲಿ 63. ಅಲ್ಲಿ ಏನಾದರೂ ಗಾಳಿ ಇರಬಹುದಾ?

ಚಾಮುಂಡಿಪುರಂ

ನಾನು ಏನೂ ಹೇಳುವುದಿಲ್ಲಪ್ಪ.

ನೆಲಮಾಳಿಗೆ

ಹಹ್ಹ. ಸರ್, ಈ ಸಲ ಇದ್ದರೂ ಇರಬಹುದು.

ಮೇಡಂ, ಬೇಸ್‌ಬೋರ್ಡ್‌ಗಳು ಒಂದರ ಹಿಂದೆ ಒಂದು ಸಾಲಾಗಿ ಇದ್ದರೆ ಕೊನೆಯ ಕೋಣೆಗೆ ಬರುವಷ್ಟರಲ್ಲಿ ನೀರು 20 ಡಿಗ್ರಿಯಷ್ಟು ಆರಿರುವುದು ಸಹಜ. ಅಷ್ಟಕ್ಕೇ ಐದು ಡಿಗ್ರಿ ವ್ಯತ್ಯಾಸ ಬರಬಾರದು. ಆ ಕೋಣೆಯ ಬೇಸ್‌ಬೋರ್ಡ್ ಮುಂದೆ ಏನಿದೆ ನೋಡಿ. ತಣ್ಣನೆ ಗಾಳಿ ಕೆಳಗಿನ ಸಂದಿಯಿಂದ ಒಳಗೆ ಹೋಗಿ, ಕಾದು, ಮೇಲಿನ ಸಂದಿಯಿಂದ ಹೊರಗೆ ಬರಬೇಕು. ದಪ್ಪ ಕಾರ್ಪೆಟ್ ಕೆಳಗಿನ ಸಂದಿ ಮುಚ್ಚಿದ್ದರೆ, ಮಂಚ ಅಂಟಿಕೊಂಡಿದ್ದರೆ ನೀರು ಎಷ್ಟು ಬಿಸಿ ಇದ್ದರೂ ಕೋಣೆ ಕಾಯುವುದಿಲ್ಲ. ಮೇಲೆ ಉದ್ದಕ್ಕೆ ಒಂದು ತಗಡಿನ ರೆಕ್ಕೆ ಇರುತ್ತದೆ, ಅದು ತೆರೆದಿದೆಯಾ ನೋಡಿ. ಮುಚ್ಚಳ ತೆಗೆದು ಒಳಗಿನ ತೆಳು ಅಲ್ಯೂಮಿನಿಯಂ ಹಾಳೆಗಳ ನಡುವಿನ ಧೂಳನ್ನು ವ್ಯಾಕ್ಯೂಮ್‌ನಿಂದ ಎಳೆಯಿರಿ.

ಶಿರಸಿಯವಳು

ಸರ್, ಬೇಸ್‌ಬೋರ್ಡ್‌ನ ಉದ್ದಕ್ಕೂ ಅತ್ತೆಯ ಎರಡು ಸೂಟ್‌ಕೇಸ್, ಹಪ್ಪಳದ ಡಬ್ಬ, ಉಪ್ಪಿನಕಾಯಿ ಭರಣಿ! ‘ಬೆಚ್ಚಗಿರುತ್ತದೆ, ಹಪ್ಪಳ ಮೆತ್ತಗಾಗುವುದಿಲ್ಲ’ ಎಂದು ಅಲ್ಲೇ ಸಾಲಾಗಿ ಜೋಡಿಸಿಟ್ಟಿದ್ದಾರೆ. ತಗಡಿನ ರೆಕ್ಕೆಯೂ ಮುಚ್ಚಿತ್ತು. ಎಲ್ಲಾ ಸರಿಸಿ, ರೆಕ್ಕೆ ತೆರೆದು, ಧೂಳು ತೆಗೆದೆವು. ಸಂಜೆಗೆ 67. ಭರಣಿ ಅಡುಗೆಮನೆಗೆ ಹೋಯಿತು. ಹಪ್ಪಳದ ವಿಷಯದಲ್ಲಿ ಇನ್ನೂ ಮಾತುಕತೆ ನಡೆಯುತ್ತಿದೆ.

ಇನ್ನೊಂದು ಕೇಳುವುದಿತ್ತು. ರಾತ್ರಿ ಕೆಳಗಿನದನ್ನು 60ಕ್ಕೆ ಇಳಿಸುವುದು ಮುಂದುವರಿಸಬಹುದಾ?

ನೆಲಮಾಳಿಗೆ

ಸಾಧಾರಣ ಚಳಿಯಲ್ಲಿ ಮುಂದುವರಿಸಿ. ಹೊರಗೆ ಸೊನ್ನೆ ಫ್ಯಾರನ್‌ಹೀಟ್ ಹತ್ತಿರ ಹೋಗುವ ರಾತ್ರಿಗಳಲ್ಲಿ ಮಾತ್ರ ಬೇಡ. ಹೊರಗೋಡೆಯ ಪೈಪುಗಳಲ್ಲಿ ನೀರು ಆಗಾಗ ಓಡುತ್ತಿರಲಿ. ಮಂಜು ಅವರನ್ನು ಕೇಳಿ, ಹೇಳುತ್ತಾರೆ.

ಮಿನ್ನೆಸೋಟ ಮಂಜು

ಹೌದು, ನನ್ನ ಕಥೆ ಮುಗಿಸಿಬಿಡುತ್ತೇನೆ. ಕರಗಲು ಇಡೀ ದಿನ ಬೇಕಾಯಿತು. ಗ್ಯಾರೇಜಿನ ಸೀಲಿಂಗಿನಲ್ಲಿ ಪೈಪು ತಿರುಗುವ ಕಡೆಯ ಒಂದು ಎಲ್ಬೋ ಒಡೆದಿತ್ತು. ಗೇಜ್ ಮುಳ್ಳು ಇಳಿಯಲು ಶುರುವಾದ ತಕ್ಷಣ ಹೆಂಡತಿ ಕೂಗಿದಳು, ಎರಡೂ ಕೈ ವಾಲ್ವ್ ಮುಚ್ಚಿದೆ. ಹೊಸ ನೀರು ಮೊದಲೇ ನಿಲ್ಲಿಸಿದ್ದರಿಂದ ಎರಡು ಬಕೆಟ್‌ನಷ್ಟೇ ಸುರಿಯಿತು, ಕಾರಿನ ಮೇಲೆ. ನಾಳೆ ಸೀಲಿಂಗ್ ಕೊಯ್ದು ಎಲ್ಬೋ ಹಾಕುತ್ತಾರೆ, ಜೊತೆಗೆ ಆ ಪೈಪಿಗೆ ಇನ್ಸುಲೇಷನ್ ಕೂಡ ಸುತ್ತಲು ಹೇಳಿದ್ದೇನೆ. ಆ ಝೋನಿನ ಥರ್ಮೋಸ್ಟಾಟ್ ಈಗ 62ಕ್ಕೆ ಲಾಕ್ ಆಗಿದೆ. ಪಾಸ್‌ವರ್ಡ್ ಹೆಂಡತಿಯ ಹತ್ತಿರ ಇದೆ.